ನೀಲಿ ಸುಣ್ಣ ಆರಿಸುತ್ತಿದ್ದ ಫಕೀರಪ್ಪ

ರೈಲು ಕಲ್ಲಿದ್ದಲು ತಿಂದು ಹೊಗೆ ಬಿಡುತ್ತಿದ್ದ ಕಾಲ. ಎಷ್ಟು ವರ್ಷ ಆಯಿತು ಅಂತ ಕೇಳಬೇಡಿ, ಎಣಿಸಿ ಇಟ್ಟವರು ಯಾರೂ ಉಳಿದಿಲ್ಲ. ಮೂರು ದಿಕ್ಕಿನಿಂದ ಹಳಿಗಳು ಬಂದು ಸೇರುವ ಒಂದೂರು ಇತ್ತು, ಹಳೇಕೂಡಿ ಜಂಕ್ಷನ್ ಅಂತ. ಆ ಊರಲ್ಲಿ ಫಕೀರಪ್ಪ ಅಂತ ಒಬ್ಬ ಮಾರ್ಕರ್ ಇದ್ದ.

ಮಾರ್ಕರ್ ಅಂದರೆ ಪೂಲ್ ಆಟದ ಮೇಜು ನೋಡಿಕೊಳ್ಳುವವನು. ರೈಲ್ವೆಯವರ ಕ್ಲಬ್ಬಿನಲ್ಲಿ ಎತ್ತಿನ ಬಂಡಿಯಷ್ಟು ಉದ್ದದ ಒಂದು ಮೇಜಿತ್ತು. ಮೇಲೆ ಹಸಿರು ಬಟ್ಟೆ, ಅಂಚಿನಲ್ಲಿ ಆರು ಚೀಲ, ನಡುವೆ ಬಣ್ಣದ ಗುಂಡುಗಳು. ಪಾಳಿ ಮುಗಿಸಿದ ಡ್ರೈವರುಗಳು, ಫಿಟ್ಟರುಗಳು ಕೈಮಸಿ ತೊಳೆದು ಬಂದು ಕೋಲು ಹಿಡಿದು ಗುಂಡುಗಳನ್ನು ಚೀಲಕ್ಕೆ ಹೊಡೆಯುತ್ತಿದ್ದರು. ಕೋಲಿನ ತುದಿಗೆ ಒಂದು ಚೂರು ಚರ್ಮ ಇರುತ್ತದೆ. ಅದಕ್ಕೆ ನೀಲಿ ಸುಣ್ಣ ಹಚ್ಚಿ ಹೊಡೆಯಬೇಕು. ಹಚ್ಚದಿದ್ದರೆ ಗುಂಡಿನ ಮೇಲೆ ಕೋಲು ಜಾರುತ್ತದೆ. ಸಕ್ಕರೆ ಅಚ್ಚಿನಷ್ಟು ಪುಟ್ಟ ಸುಣ್ಣ ಅದು.

ಫಕೀರಪ್ಪ ಮೊದಲಿಗೆ ಮಾರ್ಕರ್ ಆಗಿರಲಿಲ್ಲ. ಹದಿನೆಂಟು ವರ್ಷ ವರ್ಕ್‌ಶಾಪಿನಲ್ಲಿ ಬಾಯ್ಲರಿನ ಹೊಟ್ಟೆಯೊಳಗೆ ಕೂತು, ಹೊರಗಿನವರು ಸುತ್ತಿಗೆ ಬಡಿಯುವಾಗ ಒಳಗಿನಿಂದ ರಿವೆಟ್ಟು ಮೊಳೆಗೆ ಆನಿಕೆ ಕೊಟ್ಟವನು. ಆ ಸದ್ದಿಗೆ ಎರಡೂ ಕಿವಿ ಹೋದವು. ಕಿವುಡನನ್ನು ಯಂತ್ರದ ನಡುವೆ ಬಿಡಬಾರದು ಅಂತ ಹೇಳಿ ಅವನನ್ನು ಕ್ಲಬ್ಬಿಗೆ ಹಾಕಿದರು. ಕಿವುಡ ಮಾರ್ಕರ್ ಅಂತ ಊರೆಲ್ಲ ನಕ್ಕಿತು ಅಂತಾರೆ.

ಆದರೆ ಅವನಿಗೊಂದು ರೂಢಿ ಬಂತು. ಆಟ ನಡೆಯುವಾಗ ಮೇಜಿನ ಮರದ ಅಂಚಿನ ಮೇಲೆ ಅಂಗೈ ಊರಿ ನಿಲ್ಲುತ್ತಿದ್ದ. ಕೋಲು ಗುಂಡಿಗೆ ತಾಗಿದ ಅದುರು ಮರದೊಳಗಿಂದ ಅವನ ಅಂಗೈಗೆ ಬರುತ್ತಿತ್ತು. ಸರಿಯಾಗಿ ಕೂತ ಏಟು ಯಾವುದು, ಕೂದಲೆಳೆಯಷ್ಟು ಜಾರಿದ ಏಟು ಯಾವುದು ಅಂತ ತಿಳಿಯುತ್ತಿತ್ತು. ಹೀಗೆ ನಿಂತು ನಿಂತು ಅವನಿಗೊಂದು ಸಂಗತಿ ಗೊತ್ತಾಯಿತು. ಆಟಗಾರ ತನ್ನ ಕೈಯನ್ನು ಬೈಯುತ್ತಾನೆ, ಕೋಲನ್ನು ಬೈಯುತ್ತಾನೆ, ಹಣೆಬರಹವನ್ನು ಬೈಯುತ್ತಾನೆ. ತಪ್ಪು ಅರ್ಧ ಸಲ ಸುಣ್ಣದ್ದು.

ನೋಡುವುದಕ್ಕೆ ಎಲ್ಲವೂ ಒಂದೇ ನೀಲಿ. ಆದರೆ ಒಂದು ತಂಪು ಹಿಡಿದು ಮೆತ್ತಗಾಗಿರುತ್ತದೆ, ಚರ್ಮಕ್ಕೆ ಮುದ್ದೆಯಾಗಿ ಮೆತ್ತಿಕೊಂಡು ಏಟು ಜಾರಿಸುತ್ತದೆ. ಇನ್ನೊಂದು ಒಣಗಿ ಬರೀ ಧೂಳಾಗಿ ಉದುರುತ್ತದೆ. ಹಲಗೆಯ ಮೇಲೆ ಬರೆಯುವ ಸುಣ್ಣದ ಹಾಗೆ ನುಣುಪಾಗಿದ್ದರೆ ಉಪಯೋಗವಿಲ್ಲ, ಸಾಣೆಕಲ್ಲಿನ ಹಾಗೆ ಸಣ್ಣ ತರಿ ಇರಬೇಕು. ಉಳಿ ಸಾಣೆ ಹಿಡಿದು ಬೆಳೆದ ಬೆರಳಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಉಗುರಿನ ಮೇಲೆ ಉಜ್ಜಿ ನೋಡುತ್ತಿದ್ದ. ನಾಲಿಗೆಗೆ ಮುಟ್ಟಿಸುತ್ತಿದ್ದ ಅಂತ ಕೆಲವರು ಅಂತಾರೆ. ಲೋಕ ಅವನ ಕಿವಿಯೊಡನೆ ಮಾತು ಬಿಟ್ಟಿತ್ತು, ಅದಕ್ಕೇ ಸುಣ್ಣ ಅವನ ಬೆರಳೊಡನೆ ಮಾತಾಡುತ್ತಿತ್ತು ಅಂತಲೂ ಅಂತಾರೆ. ನಿಜವೋ ಸುಳ್ಳೋ, ಹೇಳುವವರ ಬಾಯಿಗೆ ಬಿಟ್ಟದ್ದು.

ಸುಣ್ಣ ಆರಿಸುವ ಮೊದಲು ಅವನು ಆಟಗಾರನ ಕೈ ಹಿಡಿದು ನೋಡುತ್ತಿದ್ದ. ಬೆವರುವ ಕೈಗೆ ಒಂದು ಬಗೆ, ಒರಟು ಏಟಿನವನಿಗೆ ಇನ್ನೊಂದು ಬಗೆ. ಯಮನೂರಪ್ಪ ಅಂತ ಒಬ್ಬ ಫಿಟ್ಟರ್ ಇದ್ದ, ಆರು ತಿಂಗಳು ಆಡಿದರೂ ಸೋಲುತ್ತಲೇ ಇದ್ದವನು. ಫಕೀರಪ್ಪ ಒಂದು ದಿನ ಅವನ ಕೈಯಿಂದ ಸುಣ್ಣ ಕಿತ್ತು ಬಿಸಾಡಿ ಬೇರೆಯದು ಕೊಟ್ಟ. ಆ ವರ್ಷದ ಮಳೆಗಾಲದ ಹೊತ್ತಿಗೆ ಯಮನೂರಪ್ಪನನ್ನು ಸೋಲಿಸುವವರು ಊರಲ್ಲಿ ಇರಲಿಲ್ಲ. ಅಂದಿನಿಂದ ಅವನಿಗೆ ಫಕೀರಪ್ಪ ಅಂದರೆ ಸ್ವಂತ ಕಾಕಾ ಇದ್ದ ಹಾಗೆ.

ಮಳೆಗಾಲದಲ್ಲಿ ಸುಣ್ಣ ತಂಪು ಹಿಡಿಯಬಾರದಲ್ಲ? ಒಳ್ಳೆಯ ಸುಣ್ಣವನ್ನು ಗಡಿಗೆಯಲ್ಲಿ ಹಾಕಿ ಮನೆಗೆ ತಂದು ಒಲೆಯ ಪಕ್ಕ ಇಡುತ್ತಿದ್ದ. ಹೆಂಡತಿ ದ್ಯಾಮವ್ವನಿಗೆ ಅದು ತಮಾಷೆಯೂ ಹೌದು, ಸಿಟ್ಟೂ ಹೌದು.

"ಮನ್ಯಾಗ ಉಪ್ಪು ನೀರಾಗಿ ಹರೀಲಿಕತ್ತೇತಿ," ಅನ್ನುತ್ತಿದ್ದಳು ಅವನೆದುರು ಬಂದು, ತುಟಿ ಕಾಣುವ ಹಾಗೆ ನಿಂತು. "ಅದಕ್ಕ ಒಲಿ ಮಗ್ಗಲಾಗ ಜಾಗಾ ಇಲ್ಲ. ನಿಮ್ಮ ಸುಣ್ಣಕ್ಕ ಐತಿ."

ತುಟಿ ಓದಿ ಅವನು ನಗುತ್ತಿದ್ದ. ಗಡಿಗೆ ಮಾತ್ರ ಅಲ್ಲೇ ಇರುತ್ತಿತ್ತು. ಗಂಡ ಇಲ್ಲದಾಗ ಅದನ್ನು ಬೆಂಕಿಯ ಕಡೆಗೆ ತಿರುಗಿಸಿ ತಿರುಗಿಸಿ ಇಡುತ್ತಿದ್ದವಳು ಅವಳೇ ಅಂತಾರೆ.

ಹೀಗಿರುವಾಗ ಬಂಡೆಹಾಳ ಅನ್ನುವ ಸ್ಟೇಷನ್ನಿನ ಕ್ಲಬ್ಬಿನಲ್ಲಿ ಮೇಜಿನ ಬಟ್ಟೆಯ ಕೆಳಗಿನ ಕಲ್ಲುಹಾಸು ಸೀಳಿತು. ಹೊಸ ಮೇಜು ಕೊಡುವುದಿಲ್ಲ, ಎರಡೂರಿಗೆ ಒಂದೇ ಸಾಕು ಅಂತ ಮೇಲಿನವರ ಅಪ್ಪಣೆ ಬಂತು. ಅದು ಎಲ್ಲಿರಬೇಕು? ಆಟದಲ್ಲಿ ಗೆದ್ದ ಊರಲ್ಲಿ. ಹಳೇಕೂಡಿಯ ಕಡೆ ಯಮನೂರಪ್ಪ. ಬಂಡೆಹಾಳದ ಕಡೆ ಸಮುವೇಲಪ್ಪ ಅಂತ ಗೂಡ್ಸ್ ಗಾಡಿಯ ಡ್ರೈವರ್, ಕೆಂಡದ ಮುಂದೆ ಮೈ ಸುಟ್ಟುಕೊಂಡ ಮನುಷ್ಯ. ಮೂರು ಆಟ, ಎರಡು ಗೆದ್ದವನಿಗೆ ಮೇಜು.

ಆ ಭಾನುವಾರ ಮುಂಜಾನೆಯಿಂದ ಜಡಿಮಳೆ. ಸಮುವೇಲಪ್ಪ ಎಂಜಿನ್ನಿನಲ್ಲೇ ನಿಂತು ನೆನೆಯುತ್ತ ಬಂದ. ಒಂದು ಆಟ ಅವನು ಗೆದ್ದ, ಒಂದು ಯಮನೂರಪ್ಪ ಗೆದ್ದ. ಮೂರನೆಯದರ ಮೊದಲ ಏಟಿಗೆ ಸಮುವೇಲಪ್ಪನ ಕೋಲು ಜಾರಿತು. ಗುಂಡು ಎಲ್ಲಿಗೋ ಹೋಯಿತು. ಅವನು ಜೇಬಿನಿಂದ ತಗಡಿನ ಡಬ್ಬಿ ತೆಗೆದು ನೋಡಿದ. ನೆನೆದ ಅಂಗಿಯಿಂದ ಅದರೊಳಗೆ ನೀರು ಇಳಿಯುತ್ತ ಇಳಿಯುತ್ತ ಸುಣ್ಣ ಅಂಬಲಿಯಾಗಿತ್ತು. ನೆರೆದ ಹಳೇಕೂಡಿ ಜನ ಸಿಳ್ಳೆ ಹಾಕಿತು.

ಅವನು ಫಕೀರಪ್ಪನ ಎದುರು ಬಂದು ಅಂಗೈ ಚಾಚಿದ. ಕೇಳಿದವರಿಗೆ ಸುಣ್ಣ ಕೊಡುವುದು ಮಾರ್ಕರನ ಧರ್ಮ, ಯಾವ ಊರಿನವರಾದರೂ.

ಯಮನೂರಪ್ಪ ಫಕೀರಪ್ಪನ ಮುಖಕ್ಕೆ ಮುಖ ಕೊಟ್ಟು, ಸದ್ದು ಬಾರದ ಹಾಗೆ ಬರೀ ತುಟಿಯಲ್ಲಿ ಅಂದ: "ಯಾವುದಾರ ಒಂದು ಕೊಡು ಕಾಕಾ. ಎಲ್ಲಾ ನೀಲೀನ ಅದಾವ."

ಫಕೀರಪ್ಪನಿಗೆ ಅರ್ಥವಾಯಿತು. ಕ್ಲಬ್ಬಿನ ಡಬ್ಬಿಯಲ್ಲಿ ತಂಪು ಹಿಡಿದವು ಹತ್ತು ಹದಿನೈದು ಇದ್ದವು. ಒಂದನ್ನು ಎತ್ತಿ ಕೊಟ್ಟರೆ ಆಯಿತು, ಲೋಕದಲ್ಲಿ ಯಾರಿಗೂ ತಿಳಿಯುವಂತಿರಲಿಲ್ಲ. ಮೇಜು ಹೋದರೆ ತನ್ನ ಕೆಲಸ ಹೋಗುತ್ತದೆ, ಮರದೊಳಗಿಂದ ಬರುವ ಆ ಒಂದೇ ಮಾತೂ ಹೋಗುತ್ತದೆ ಅಂತ ಅವನಿಗೆ ಗೊತ್ತಿತ್ತು. ಸಮುವೇಲಪ್ಪನ ಕೈ ಹಿಡಿದು ನೋಡಿದ. ಸುಟ್ಟು ಮಾಗಿದ ಕಲೆಗಳು, ಹೆಬ್ಬೆರಳ ಬುಡದಲ್ಲಿ ಸಲಿಕೆ ಹಿಡಿದ ಗಂಟು. ತನ್ನ ಕೈಯಂಥದ್ದೇ ಕೈ.

ಆ ದಿನಕ್ಕೆಂದು ಮನೆಯಿಂದ ತಂದಿದ್ದ ಗಡಿಗೆಯ ಬಾಯಿ ಬಿಚ್ಚಿದ. ಮೂರು ಸುಣ್ಣ ತೆಗೆದ, ಉಗುರಿಗೆ ಉಜ್ಜಿದ, ಮೂರನ್ನೂ ತಿರುಗಿ ಹಾಕಿದ. ತಳದಲ್ಲಿ ಕೈಯಾಡಿಸಿ ಇನ್ನೊಂದು ತೆಗೆದ. ಅಷ್ಟು ವರ್ಷಗಳಲ್ಲಿ ಅಂಥದ್ದು ಅವನ ಕೈಗೆ ಒಂದೇ ಸಿಕ್ಕಿತ್ತು ಅಂತಾರೆ. ಅದನ್ನು ಸಮುವೇಲಪ್ಪನ ಅಂಗೈಯಲ್ಲಿಟ್ಟ. ಆಮೇಲೆ ಇನ್ನೊಂದು ಆರಿಸಿ ಯಮನೂರಪ್ಪನ ಕಡೆ ಹಿಡಿದ.

ಕಿವುಡರ ದನಿ ದೊಡ್ಡದು. ಪ್ಲಾಟ್‌ಫಾರ್ಮಿನವರೆಗೆ ಕೇಳಿಸಿತು ಅಂತಾರೆ: "ಅದು ಆ ಕೈಗೆ ಬರೋದು. ಇದು ನಿನ್ನ ಕೈಗೆ ಬರೋದು. ಹಚ್ಚಿ ನೋಡು!"

ಯಮನೂರಪ್ಪ ಅದನ್ನು ಮುಟ್ಟಲಿಲ್ಲ. ಸಿಟ್ಟಿನಲ್ಲಿ ಕಿಟಕಿಯ ಮೇಲಿದ್ದ ಯಾವುದೋ ಸವೆದ ಸುಣ್ಣ ಹಚ್ಚಿಕೊಂಡು ಆಡಿದ. ಕೊನೆಯ ಗುಂಡು ಚೀಲದ ಬಾಯಲ್ಲೇ ಇತ್ತು, ಕೂಸೂ ಹಾಕಬಹುದಾದ ಗುಂಡು. ಕೋಲು ಜಾರಿತು. ಮೇಜಿನ ಮೇಲೆ ಅಂಗೈ ಊರಿದ್ದ ಫಕೀರಪ್ಪ ಕಣ್ಣು ಮುಚ್ಚಿದ. ನೋಡದೆಯೇ ಅವನಿಗೆ ತಿಳಿದಿತ್ತು.

ಗೆದ್ದದ್ದು ಬಂಡೆಹಾಳ. ಮರುವಾರ ಮೇಜು ಬಿಚ್ಚಿದರು. ಕಲ್ಲುಹಾಸುಗಳನ್ನು ಗೋಣಿ ಸುತ್ತಿ ವ್ಯಾಗನ್ನಿಗೆ ಏರಿಸಿದರು. ಊರು ಫಕೀರಪ್ಪನನ್ನು ಬೈಯಿತು. ಬೈಗುಳ ಅವನಿಗೆ ಕೇಳಿಸಲಿಲ್ಲ. ಆದರೆ ತುಟಿ ಓದುವವನಿಗೆ ಬೈಗುಳ ಕಾಣುತ್ತದೆ. ಅವನು ತಲೆ ತಗ್ಗಿಸಿ ನಡೆಯುವುದನ್ನು ಕಲಿತ. ಬರಿದಾದ ಕ್ಲಬ್ಬಿಗೆ ದಿನವೂ ಹೋಗಿ, ನೆಲದ ಮೇಲೆ ಮೇಜಿನ ಕಾಲು ಊರಿದ್ದ ಗುರುತುಗಳ ನಡುವೆ ಕೂತು ಬರುತ್ತಿದ್ದ.

"ತಪ್ಪು ಮಾಡಿದೆನೇನ?" ಅಂತ ಹೆಂಡತಿಯನ್ನು ಕೇಳಿದನಂತೆ.

ದ್ಯಾಮವ್ವ ರೊಟ್ಟಿ ಬಡಿಯುವುದು ಬಿಟ್ಟು ಅವನ ಕಡೆ ತಿರುಗಿದಳು. "ಕೆಟ್ಟದ್ದು ಕೊಟ್ಟು ಬಂದಿದ್ರ ಈ ಗಡಿಗಿ ನಾನ ಒಡೀತಿದ್ದೆ."

ಇತ್ತ ಯಮನೂರಪ್ಪನಿಗೂ ನೆಮ್ಮದಿ ಇರಲಿಲ್ಲ. ಅಂದು ಫಕೀರಪ್ಪ ಚಾಚಿ, ಕೊನೆಗೆ ಕ್ಲಬ್ಬಿನ ಕಿಟಕಿಯ ಮೇಲಿಟ್ಟಿದ್ದ ಸುಣ್ಣ ಅಲ್ಲೇ ಬಿದ್ದಿತ್ತು. ಮೇಜು ಬಿಚ್ಚುವ ಮುನ್ನಾ ದಿನ ಮಧ್ಯಾಹ್ನ ಯಾರೂ ಇಲ್ಲದಾಗ ಅದನ್ನು ಕೋಲಿಗೆ ಹಚ್ಚಿ ಆಡಿ ನೋಡಿದ್ದ. ಎಷ್ಟು ಹೊಡೆದರೂ ಒಮ್ಮೆಯೂ ಜಾರಲಿಲ್ಲ. ಅದು ಅವನ ಕೈಗೇ ಆರಿಸಿದ ಸುಣ್ಣವಾಗಿತ್ತು. ಯಾರಿಗೂ ಹೇಳದೆ ಅದನ್ನು ಜೇಬಿನಲ್ಲಿಟ್ಟುಕೊಂಡು ತಿರುಗಿದ.

ತಿಂಗಳು ಕಳೆದ ಮೇಲೆ ಸಮುವೇಲಪ್ಪ ತನ್ನ ಗೂಡ್ಸ್ ಗಾಡಿಯನ್ನು ಹಳೇಕೂಡಿಯಲ್ಲಿ ನಿಲ್ಲಿಸಿ, ಫಕೀರಪ್ಪನ ಬಾಗಿಲಿಗೆ ಬಂದ. "ಮೇಜು ಒಯ್ದೀವ್ರಿ ಅಣ್ಣಾರ, ಆಟ ಇಲ್ಲೇ ಬಿಟ್ಟು ಹೋಗೀವಿ. ನಮ್ಮಲ್ಲಿ ಸುಣ್ಣ ಆರಿಸೋರು ಯಾರೂ ಇಲ್ಲ. ಭಾನುವಾರಕ್ಕೊಮ್ಮೆ ಬಂದು ಹೋಗ್ರಿ," ಅಂತ ಎರಡೆರಡು ಸಲ, ನಿಧಾನವಾಗಿ, ತುಟಿ ಕಾಣುವಂತೆ ಹೇಳಿದ.

ಮುಂದಿನ ಭಾನುವಾರ ಫಕೀರಪ್ಪ ಬೆಚ್ಚಗಿನ ಗಡಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಬೆಳಗಿನ ಪ್ಯಾಸೆಂಜರ್ ಹತ್ತಿದ. ಗಾಡಿ ಬಿಡುವ ಹೊತ್ತಿಗೆ ಯಮನೂರಪ್ಪ ಓಡಿ ಬಂದು ಅದೇ ಬೋಗಿ ಹತ್ತಿದ. ಎದುರಿಗೆ ಕೂತ. ಎರಡು ಸ್ಟೇಷನ್ ದಾಟಿದ ಮೇಲೆ ಕೈ ಚಾಚಿ, ಗಡಿಗೆಯನ್ನು ಇಸಿದುಕೊಂಡು ತನ್ನ ತೊಡೆಯ ಮೇಲೆ ಇಟ್ಟುಕೊಂಡ. ಬಂಡೆಹಾಳದವರೆಗೂ ಹಾಗೇ ಹಿಡಿದುಕೊಂಡಿದ್ದ. ಫಕೀರಪ್ಪ ಕಿಟಕಿಯ ಕಡೆ ಮುಖ ತಿರುಗಿಸಿ ಕಣ್ಣು ಒರೆಸಿಕೊಂಡ ಅಂತಾರೆ, ಕಲ್ಲಿದ್ದಲ ಕಿಡಿ ಬಿತ್ತು ಅಂದನಂತೆ.

ಅಲ್ಲಿ ಮೇಜಿನ ಮುಂದೆ ಸಮುವೇಲಪ್ಪ ಕೋಲು ಹಿಡಿದು ಕಾಯುತ್ತಿದ್ದ. ಫಕೀರಪ್ಪ ಗಡಿಗೆಗೆ ಕೈ ಹಾಕುವ ಮೊದಲೇ ಯಮನೂರಪ್ಪ ಅಡ್ಡ ಬಂದ. "ಇವತ್ತು ಇವರಿಗೆ ನಾ ಆರಿಸಿ ಕೊಡ್ತೀನಿ ಕಾಕಾ. ತಪ್ಪಿದ್ರ ನೀ ಹೇಳು." ಸಮುವೇಲಪ್ಪನ ಕೈ ಹಿಡಿದು ನೋಡಿದ, ಒಂದೊಂದೇ ಸುಣ್ಣ ಉಜ್ಜಿ ನೋಡಿದ, ಬಹಳ ಹೊತ್ತು ತೆಗೆದುಕೊಂಡ. ಕೊನೆಗೆ ಒಂದು ಕೊಟ್ಟ. ಸಮುವೇಲಪ್ಪನೂ ಸುಮ್ಮನಿರಲಿಲ್ಲ, ಯಮನೂರಪ್ಪನಿಗೆ ತಾನೇ ಒಂದು ಆರಿಸಿದ. ಫಕೀರಪ್ಪ ಎರಡನ್ನೂ ಮುಟ್ಟಿ ನೋಡಿ ಸರಿ ಅಂತ ತಲೆಯಾಡಿಸಿದ. ಆಮೇಲೆ ಮೇಜಿನ ಅಂಚಿನ ಮೇಲೆ ಅಂಗೈ ಊರಿ ನಿಂತ. ಅವತ್ತು ಯಾರು ಗೆದ್ದರು ಅಂತ ಎರಡೂರಲ್ಲಿ ಯಾರನ್ನು ಕೇಳಿದರೂ ಹೇಳುವುದಿಲ್ಲ. ಒಂದು ಏಟೂ ಜಾರಲಿಲ್ಲ ಅಂತ ಮಾತ್ರ ಹೇಳುತ್ತಾರೆ.

ಕೈಲಾಗುವವರೆಗೂ ಫಕೀರಪ್ಪ ಭಾನುವಾರ ತಪ್ಪಿಸಲಿಲ್ಲ. ಅವನು ತೀರಿಕೊಂಡ ದಿನ ಬಂಡೆಹಾಳದಿಂದ ಒಂದು ಬೋಗಿ ತುಂಬ ಜನ ಬಂದರು. ಹೊಗೆಯ ಎಂಜಿನ್ ಹೋಯಿತು, ಕ್ಲಬ್ಬಿನ ಮಾಡು ಕುಸಿಯಿತು, ಆ ಮೇಜು ಎಲ್ಲಿಗೆ ಹೋಯಿತೋ ಈಗ ಯಾರಿಗೂ ಗೊತ್ತಿಲ್ಲ. ಆದರೆ ಆ ಎರಡೂರುಗಳಲ್ಲಿ ಇವತ್ತಿಗೂ ಯಾರೂ ತಮ್ಮ ಸುಣ್ಣ ತಾವು ಆರಿಸಿಕೊಳ್ಳುವುದಿಲ್ಲ. ಎದುರಾಳಿ ಆರಿಸಿ ಕೊಡಬೇಕು, ಇದ್ದುದರಲ್ಲಿ ಒಳ್ಳೆಯದನ್ನೇ ಕೊಡಬೇಕು. ಹೊರಗಿನಿಂದ ಬಂದವರು ತಿಳಿಯದೆ ಸುಣ್ಣಕ್ಕೆ ಕೈ ಹಾಕಿದರೆ, ಎದುರಿಗೆ ಆಡುವವನು ಮೆಲ್ಲಗೆ ಅವರ ಕೈ ಹಿಡಿಯುತ್ತಾನೆ.

"ತಡೀರಿ," ಅನ್ನುತ್ತಾನೆ. "ನಿಮಗ ನಾ ಆರಿಸ್ತೀನಿ."