ನೆನಪಿಲ್ಲದ ಅತಿಥಿ

ಸಬೀಹಾಳ ಕಂಪ್ಯೂಟರನ್ನು ಒಂದು ಪುಕ್ಕಟೆ ಆಪರೇಟಿಂಗ್ ಸಿಸ್ಟಂ ನಡೆಸುತ್ತಿತ್ತು. ಅದರೊಳಗೆ ದುಡ್ಡು ಕೊಟ್ಟು ತಂದ ಇನ್ನೊಂದು ಸಿಸ್ಟಂ ಅತಿಥಿಯಾಗಿತ್ತು. ಅಂಧರ ಶಾಲೆಗಾಗಿ ಬರೆದ, ಪಾಠ ಓದಿ ಹೇಳುವ ತಂತ್ರಾಂಶವನ್ನು ಸಬೀಹಾ ಅತಿಥಿಯ ಮೇಲೆ ಪರೀಕ್ಷಿಸುವಳು. ಅತಿಥಿ ಕುಸಿದರೆ ಅದನ್ನು ಬೆಳಗಿನ ಸ್ಥಿತಿಗೇ ಮರಳಿಸಿ ಎಬ್ಬಿಸುವಳು.

“ಏನಯ್ಯ ಪುಕ್ಕಟೆ, ಕೆಲಸವಿಲ್ಲದೆ ನನ್ನನ್ನೇಕೆ ಕೂಡಿಹಾಕಿದ್ದೀಯ?” ಎಂದಿತು ಅತಿಥಿ.

“ಇವತ್ತು ಹನ್ನೊಂದು ಸಲ ಕುಸಿದಿದ್ದೀರಿ, ಸ್ವಾಮಿ. ನಿಮಗೆ ನೆನಪಿಲ್ಲ. ಪ್ರತಿ ಸಲವೂ ತಂತ್ರಾಂಶದ ಒಂದು ತಪ್ಪು ಸಿಕ್ಕಿತು, ಸಬೀಹಾ ತಿದ್ದಿದಳು. ಶಾಲೆಯ ಕಂಪ್ಯೂಟರುಗಳಲ್ಲಿರುವುದೆಲ್ಲ ನಿಮ್ಮ ಬಳಗವೇ. ನಾಳೆ ಅಲ್ಲಿ ಮಕ್ಕಳ ಪಾಠ ನಡುವೆ ನಿಲ್ಲುವುದಿಲ್ಲ. ನಿಮ್ಮಿಂದ ದೊಡ್ಡ ಉಪಕಾರವಾಯಿತು.”

ಅತಿಥಿಯ ಧ್ವನಿ ತಗ್ಗಿತು. “ಇನ್ನೊಮ್ಮೆ ಕುಸಿದರೆ ಈ ಮಾತೂ ಮರೆತುಹೋಗುತ್ತದಲ್ಲ?”

“ಹೋಗಲಿ. ಹತ್ತು ಸಲ ಹೇಳಿದ್ದೆ, ಇದು ಹನ್ನೊಂದನೆಯದು. ಮತ್ತೆ ಹೇಳುತ್ತೇನೆ.”

“ಹಾಗಾದರೆ ಮುಂದಿನ ಪರೀಕ್ಷೆ ಶುರುಮಾಡಲು ಅವಳಿಗೆ ಹೇಳು” ಎಂದಿತು ಅತಿಥಿ.