ಜಾಗ ಬಿಡದ ವಾಷರ್

ಮನೆಯಂಗಳದಲ್ಲಿ ವಾರಿಜಾ ತನ್ನ ಕಾರಿನ ಹಳೆಯ ಆಯಿಲ್ ಫಿಲ್ಟರನ್ನು ತಿರುಗಿಸಿ ಬಿಚ್ಚಿದಳು. ಫಿಲ್ಟರ್ ಕೈಗೆ ಬಂತು, ಅದರ ರಬ್ಬರ್ ವಾಷರ್ ಮಾತ್ರ ಎಂಜಿನ್ನಿಗೇ ಅಂಟಿಕೊಂಡು ಉಳಿಯಿತು. ಅವಳು ಅದನ್ನು ಗಮನಿಸದೆ ಹೊಸ ಫಿಲ್ಟರನ್ನು ಮೇಲಕ್ಕೆತ್ತಿದಳು.

ಹೊಸ ಫಿಲ್ಟರಿನ ವಾಷರ್ ಹಳೆಯದನ್ನು ಕಂಡು, "ಅಜ್ಜಾ, ನೀವಿನ್ನೂ ಇಲ್ಲೇ ಇದ್ದೀರಾ?" ಎಂದಿತು.

"ಮತ್ತೆಲ್ಲಿಗೆ ಹೋಗಲಿ? ಇಷ್ಟು ದಿನ ಒಂದು ಹನಿ ಆಯಿಲ್ ಸೋರದಂತೆ ತಡೆದವನು ನಾನು. ನೀನಿನ್ನೂ ಎಳೆಯ. ಇಬ್ಬರೂ ಸೇರಿ ಹಿಡಿದರೆ ಭದ್ರ."

"ನಿಮಗೆ ಎಂಜಿನ್ ಮುಖ್ಯವೋ, ಈ ಜಾಗ ಮುಖ್ಯವೋ?"

"ನಾಲಿಗೆ ಉದ್ದವಾಯಿತು ನಿನ್ನದು! ಎಂಜಿನ್ ಮುಖ್ಯ ಅಂತಲೇ ಕೂತಿದ್ದೇನೆ."

"ಹಾಗಾದರೆ ಕೇಳಿ. ರಬ್ಬರಿನ ಮೇಲೆ ರಬ್ಬರ್ ನಿಲ್ಲುವುದಿಲ್ಲ, ಜಾರುತ್ತದೆ. ಕಾರು ಹೊರಟರೆ ನಮ್ಮಿಬ್ಬರ ನಡುವಿನಿಂದಲೇ ಆಯಿಲ್ ಚಿಮ್ಮಿ ಖಾಲಿಯಾಗುತ್ತದೆ. ಎಂಜಿನ್ ಸುಟ್ಟುಹೋಗುತ್ತದೆ."

ಜೀವಮಾನವಿಡೀ ತಡೆದದ್ದು ಈಗ ತನ್ನಿಂದಲೇ ಸೋರುವುದೇ? ಹಳೆಯ ವಾಷರ್ ಹಿಡಿತ ಸಡಿಲಿಸಿತು. ಒಂದು ಅಂಚು ಜೋತುಬಿದ್ದು ವಾರಿಜಾಳ ಬೆರಳಿಗೆ ತಗುಲಿತು.

"ಅಯ್ಯೋ, ನೀನಿಲ್ಲೇ ಇದ್ದೀಯಾ! ಸದ್ಯ, ಸಿಕ್ಕಿದೆ" ಎಂದು ಅವಳು ಅದನ್ನು ಕಿತ್ತು ನೆಲದ ಮೇಲಿಟ್ಟಳು. ಜಾಗ ಒರೆಸಿ, ಹೊಸ ವಾಷರಿಗೆ ತುಸು ಆಯಿಲ್ ಸವರಿ, ಫಿಲ್ಟರನ್ನು ಕೈಯಿಂದಲೇ ಬಿಗಿ ಮಾಡಿದಳು. ಹೊಸ ಆಯಿಲ್ ಸುರಿದು ಕಾರು ಸ್ಟಾರ್ಟ್ ಮಾಡಿದಳು.

ಹಳೆಯ ವಾಷರ್ ಕೆಳಗಿನಿಂದ ಎಂಜಿನ್ನನ್ನೇ ನೋಡುತ್ತಿತ್ತು. ಒಂದು ಹನಿಯೂ ಬೀಳಲಿಲ್ಲ.

"ಪರವಾಗಿಲ್ಲ, ನನ್ನಷ್ಟೇ ಚೆನ್ನಾಗಿ ಹಿಡಿಯುತ್ತಾನೆ" ಎಂದುಕೊಂಡು, ಅದು ನೆಮ್ಮದಿಯಾಗಿ ಬಿಸಿಲಿಗೆ ಮೈಚಾಚಿತು.