ಅಂಗೈಯಲ್ಲಿ ಒಂದು ಚಮಚ ನೀರು

"ಗುರುಗಳೇ, ಕೆಲಸ ಬಲ್ಲ ಕೈಗೆ ಓದು ಯಾಕೆ ಬೇಕು?" ಎಂದು ಶಿಷ್ಯ ಕೇಳಿದ.

ಆಶ್ರಮದ ಆಸ್ಪತ್ರೆಯನ್ನು ನೋಡಿಕೊಳ್ಳುವವನು ಅವನೇ. ಅಲ್ಲಿ ಆರು ವರ್ಷದಿಂದ ರೋಗಿಗಳ ಆರೈಕೆ ಮಾಡುತ್ತಿದ್ದ ಹುಡುಗಿಗೆ ನರ್ಸಿಂಗ್ ಶಾಲೆಯಲ್ಲಿ ಸೀಟು ಸಿಕ್ಕಿತ್ತು. ಮೂರು ವರ್ಷ ಅವಳನ್ನು ಬಿಟ್ಟುಕೊಡಲು ಅವನಿಗೆ ಮನಸ್ಸಿರಲಿಲ್ಲ. "ಅವಳಿಗೆ ಗೊತ್ತಿಲ್ಲದ್ದು ಪುಸ್ತಕದಲ್ಲಿ ಏನಿದೆ?" ಎಂದೂ ಸೇರಿಸಿದ.

ಗುರು ಹೆಚ್ಚು ಮಾತಿನವರಲ್ಲ. "ಕೂತುಕೋ," ಎಂದು ಕತೆ ಹೇಳಿದರು.

ಒಬ್ಬ ಅಡಿಗೆಯವನಿದ್ದ. ಮದುವೆಮನೆಗಳಲ್ಲಿ ಅಡಿಗೆ ಮಾಡಿಯೇ ಮುದುಕನಾದವನು. ನೀರು ಕುಡಿಯುವಾಗ ಅವನು ಲೋಟವನ್ನು ತುಟಿಗೆ ತಾಕಿಸಿದವನಲ್ಲ. ತಲೆ ಹಿಂದಕ್ಕೆ ಚೆಲ್ಲಿ ಮೇಲಿನಿಂದ ಸುರಿದುಕೊಳ್ಳುವನು. ಸಾವಿರ ಎಲೆಯ ಅಡಿಗೆ ಮಾಡುವವನಿಗೆ ಎಂಜಲು ಕೂಡದು ಎಂಬುದು ಅವನ ನೇಮ.

ಅವನಿಗೆ ಲಕ್ವ ಹೊಡೆಯಿತು. ಎಡಭಾಗ ಬಿದ್ದುಹೋಯಿತು. ಬಲಗೈಯೂ ಮಾತೂ ಉಳಿದವು. ಆಸ್ಪತ್ರೆಯಲ್ಲಿ ನೀರು ಕುಡಿಸಿದರೆ ಉಸಿರುಕಟ್ಟುವ ಕೆಮ್ಮು. ಡಾಕ್ಟರು, "ನೀರು ಶ್ವಾಸಕೋಶದ ಕಡೆ ಹೋಗುತ್ತಿದೆ. ಸಂಜೆಯೊಳಗೆ ಕೆಮ್ಮದೆ ನುಂಗಿದರೆ ಸರಿ. ಇಲ್ಲದಿದ್ದರೆ ಮೂಗಿನಿಂದ ನಳಿಕೆ ಹಾಕಬೇಕು," ಎಂದರು.

ಅಡಿಗೆಯವನು ಕಂಗಾಲಾದ. "ಐವತ್ತು ವರ್ಷ ಮದುವೆ ಊಟ ಉಂಡ ನಾಲಿಗೆ ಇದು. ಇನ್ನು ಮೂಗಿನಲ್ಲಿ ಊಟವೇ?"

ಅಲ್ಲಿ ಒಬ್ಬ ಆಯಾ ಇದ್ದಳು. ಇಪ್ಪತ್ತು ವರ್ಷದ ಅನುಭವ, ಮೃದುವಾದ ಕೈ. ಅವಳು ಅವನ ತಲೆಯನ್ನು ಇನ್ನಷ್ಟು ಹಿಂದಕ್ಕೆ ಆನಿಸಿ ಹನಿಹನಿಯಾಗಿ ನೀರು ಬಿಟ್ಟಳು. ಕೆಮ್ಮು ಹೆಚ್ಚಿತು.

ಒಬ್ಬ ನರ್ಸೂ ಇದ್ದಳು. ಶಾಲೆ ಮುಗಿಸಿ ಬಂದು ಇನ್ನೂ ನಾಲ್ಕು ತಿಂಗಳು. ಅವಳಿಗೆ ಗಂಟಲಿನ ಪಾಠ ನೆನಪಿತ್ತು. ತಲೆ ಹಿಂದಕ್ಕೆ ಹೋದರೆ ಉಸಿರಿನ ದಾರಿ ತೆರೆದುಕೊಳ್ಳುತ್ತದೆ. ಗದ್ದ ಎದೆಯ ಕಡೆ ಬಗ್ಗಿದರೆ ಆ ದಾರಿ ಕಿರಿದಾಗುತ್ತದೆ. ನೀರು ಅನ್ನದ ದಾರಿ ಹಿಡಿಯುತ್ತದೆ. ಅವಳು ಅವನನ್ನು ನೆಟ್ಟಗೆ ಕೂರಿಸಿ ಲೋಟ ಹಿಡಿದಳು.

"ಅಜ್ಜಾ, ತಲೆ ಬಗ್ಗಿಸಿ ಒಂದು ಗುಟುಕು ಹೀರಿ."

"ಕಚ್ಚಿ ಕುಡಿಯುವುದೇ? ಆಗದು ತಾಯಿ."

"ಹೊಸ ಲೋಟ ಅಜ್ಜಾ. ನಿಮಗೊಬ್ಬರಿಗೇ."

"ಲೋಟ ಹೊಸದು. ಬಾಯಿ ಹಳೆಯದು."

ಆಯಾ ನಕ್ಕಳು. "ನಿನ್ನ ಪುಸ್ತಕಕ್ಕೆ ಹೇಳು, ಅಜ್ಜನ ಹಟ ಬಿಡಿಸಲಿ."

ಚಮಚಕ್ಕೂ ಅವನು ಬಾಯಿ ತೆರೆಯಲಿಲ್ಲ. ನಾಲ್ಕು ಗಂಟೆಯಾಯಿತು. ತಟ್ಟೆಯಲ್ಲಿ ನಳಿಕೆ ಬಂದು ಕೂತಿತು. ನರ್ಸು ನಳಿಕೆಯನ್ನೂ ಅಜ್ಜನನ್ನೂ ನೋಡಿದಳು. ಹಟ ಬಿಡಿಸುವ ಪಾಠ ಅವಳಿಗೆ ಯಾರೂ ಹೇಳಿರಲಿಲ್ಲ. ಆದರೆ ಬೇಕಾದದ್ದು ಲೋಟವೂ ಅಲ್ಲ, ಚಮಚವೂ ಅಲ್ಲ. ತಲೆ ಬಗ್ಗಬೇಕು, ಅಷ್ಟೇ. ಈ ಮನುಷ್ಯ ನೀರಿಗೆ ತಲೆ ಬಗ್ಗಿಸುವುದು ಯಾವಾಗ?

ಅವಳ ಮುಖ ಅರಳಿತು. ಅವನ ಬಲಗೈಯನ್ನು ತೊಳೆದಳು. ಚಮಚದಲ್ಲಿ ನೀರು ತೆಗೆದುಕೊಂಡಳು.

"ಅಜ್ಜಾ, ಕೈ ಒಡ್ಡಿ."

ದೇವಸ್ಥಾನದಲ್ಲಿ ತೀರ್ಥಕ್ಕೆ ಒಡ್ಡುವ ಹಾಗೆ ಅಂಗೈ ತಾನಾಗಿ ಗುಳಿಯಾಯಿತು. ನೀರು ಬಿತ್ತು. ತಲೆ ತಾನಾಗಿ ಬಗ್ಗಿತು. ಹೀರಿದ. ನುಂಗಿದ. ಕೆಮ್ಮಲಿಲ್ಲ. ಒದ್ದೆ ಕೈಯನ್ನು ತಲೆಗೆ ಸವರಿಕೊಂಡ.

ಮತ್ತೊಂದು ಚಮಚ. ಮತ್ತೊಂದು. ಡಾಕ್ಟರು ಬಂದು ಎದೆಗೆ ಸ್ಟೆತಸ್ಕೋಪ್ ಇಟ್ಟು ಆಲಿಸಿದರು. ನಳಿಕೆಯ ತಟ್ಟೆಯನ್ನು ವಾಪಸು ಕಳಿಸಿದರು.

ಹತ್ತನೆಯ ಚಮಚ ಮುಗಿಸಿ ಅಡಿಗೆಯವನು ಕೇಳಿದ, "ತೀರ್ಥ ಆಯಿತು. ಪ್ರಸಾದ ಯಾವಾಗ?"

"ನಾಳೆ ಗಂಜಿ, ಅಜ್ಜಾ."

"ಉಪ್ಪು ಎಷ್ಟು ಅಂತ ನಾನು ಹೇಳುತ್ತೇನೆ. ಇಲ್ಲಿಯವರನ್ನು ನಂಬಲಾರೆ."

ವಾರ್ಡೆಲ್ಲ ನಕ್ಕಿತು. ಆಯಾ ಎಲ್ಲರಿಗಿಂತ ಗಟ್ಟಿಯಾಗಿ ನಕ್ಕಳು.

ಗುರು ಕತೆ ನಿಲ್ಲಿಸಿದರು. ಶಿಷ್ಯನೂ ನಗುತ್ತಿದ್ದ. "ಹಾಗಾದರೆ ನಾನು ಹೇಳಿದ್ದೇ ಸರಿಯಾಯಿತಲ್ಲ ಗುರುಗಳೇ. ತೀರ್ಥದ ಉಪಾಯ ಯಾವ ಪುಸ್ತಕದಲ್ಲಿದೆ?"

"ಯಾವುದರಲ್ಲೂ ಇಲ್ಲ," ಎಂದು ಗುರು ಎದ್ದರು. "ಆದರೆ ತೀರ್ಥ ತೆಗೆದುಕೊಳ್ಳುವುದು ಆಯಾಳಿಗೂ ಗೊತ್ತಿತ್ತು."